ಕಡಲು ಸೇರಿದ ಕೊಳೆ ಯಾರದು? ಪಾಚಿ ನುಡಿಯುವ ಸಾಕ್ಷ್ಯ

ಕಡಲ ತೀರದಲ್ಲಿ ಪಾಚಿ ಹಬ್ಬುತ್ತದೆ, ಹವಳ ಸಾಯುತ್ತದೆ, ಮೀನು ವಿರಳವಾಗುತ್ತದೆ. ಆಗ ಮೊದಲು ಏಳುವ ಪ್ರಶ್ನೆ: ಇದಕ್ಕೆ ಹೊಣೆ ಯಾರು? ಪಟ್ಟಣದವರು ಹೊಲಗಳಿಂದ ಕೊಚ್ಚಿ ಬರುವ ರಾಸಾಯನಿಕ ಗೊಬ್ಬರದತ್ತ ಬೆರಳು ತೋರಿಸುತ್ತಾರೆ. ರೈತರು ಪಟ್ಟಣದ ಒಳಚರಂಡಿಯತ್ತ ಕೈ ಮಾಡುತ್ತಾರೆ. ಸ್ಥಳೀಯ ಆಡಳಿತವು ತನ್ನ ಸಂಸ್ಕರಣಾ ಘಟಕ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದು ಹೇಳಿಕೆ ನೀಡುತ್ತದೆ. ನೀರನ್ನು ಪರೀಕ್ಷೆಗೆ ಕಳುಹಿಸಿದರೆ ಬರುವ ವರದಿಯಲ್ಲಿ ನೈಟ್ರೇಟ್ ಪ್ರಮಾಣ ಇಷ್ಟಿದೆ ಎಂದಷ್ಟೇ ಇರುತ್ತದೆ. ಅದು ಯೂರಿಯಾ ಚೀಲದಿಂದ ಬಂದದ್ದೋ, ಶೌಚಾಲಯದಿಂದ ಬಂದದ್ದೋ ಎಂಬುದಕ್ಕೆ ಆ ವರದಿಯಲ್ಲಿ ಉತ್ತರವಿರುವುದಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳು ಕಳೆದ ಕೆಲವು ದಶಕಗಳಿಂದ ಬಳಸುತ್ತಿರುವ ಸಾಧನವೇ ಸ್ಥಿರ ಐಸೊಟೋಪ್, ಅಂದರೆ ವಿಕಿರಣ ಸೂಸದ ಸಮಸ್ಥಾನಿಗಳ ವಿಶ್ಲೇಷಣೆ. ಇದರ ನೆರವಿನಿಂದ ಕಡಲ ಪಾಚಿಯ ಒಂದು ತುಣುಕೇ ತಾನು ಉಂಡ ಆಹಾರದ ಮೂಲವನ್ನು ತಿಳಿಸಬಲ್ಲುದು. ಹವಾಯಿ ದ್ವೀಪಸಮೂಹದ ಮಾವಿ ದ್ವೀಪದಲ್ಲಿ ಇಂಥ ಪಾಚಿಯ ಪುರಾವೆಯಿಂದ ಬಲಗೊಂಡ ಒಂದು ವಿವಾದ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2020ರಲ್ಲಿ ಮಹತ್ವದ ತೀರ್ಪಿಗೆ ಕಾರಣವಾಯಿತು. ವಿಜ್ಞಾನ ಎಲ್ಲಿಯವರೆಗೆ ಸಾಕ್ಷಿ ಹೇಳಬಲ್ಲುದು, ಎಲ್ಲಿಂದ ಮುಂದೆ ಕಾನೂನು ತೀರ್ಮಾನಿಸಬೇಕು ಎಂಬುದನ್ನು ತಿಳಿಯಲು ಆ ಪ್ರಕರಣ ಒಳ್ಳೆಯ ನಿದರ್ಶನ.

ಪೋಷಕಾಂಶವೇ ಮಾಲಿನ್ಯವಾದಾಗ

ಸಾರಜನಕ ಮತ್ತು ರಂಜಕ ಸಸ್ಯಗಳಿಗೆ ಅತ್ಯಗತ್ಯವಾದ ಪೋಷಕಾಂಶಗಳು. ಹೊಲದಲ್ಲಿ ಇವು ಬೆಳೆಗೆ ಬಲ ನೀಡುತ್ತವೆ. ಆದರೆ ಇವೇ ವಸ್ತುಗಳು ಮಿತಿಮೀರಿ ಕಡಲಿಗೆ ಸೇರಿದರೆ ಅಲ್ಲಿ ಬೆಳೆಯುವುದು ಪಾಚಿ. ತೀರದ ಸಮುದ್ರದಲ್ಲಿ ಸಾಮಾನ್ಯವಾಗಿ ಸಾರಜನಕದ ಕೊರತೆಯೇ ಪಾಚಿಯ ಬೆಳವಣಿಗೆಗೆ ಕಡಿವಾಣ ಹಾಕಿರುತ್ತದೆ. ಆ ಕಡಿವಾಣ ಕಳಚಿದೊಡನೆ ಪಾಚಿ ವೇಗವಾಗಿ ಹಬ್ಬಿ ಹವಳದ ದಿಬ್ಬಗಳನ್ನು ಮುಚ್ಚುತ್ತದೆ, ನೀರಿನಡಿಯ ಕಡಲ ಹುಲ್ಲಿಗೆ ಬೆಳಕು ತಲುಪದಂತೆ ಮಾಡುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಖರ್ಚಾಗಿ, ಮೀನು ಮತ್ತು ಚಿಪ್ಪುಜೀವಿಗಳಿಗೆ ಉಸಿರಾಟವೇ ಕಷ್ಟವಾಗುತ್ತದೆ.

ಪರಿಹಾರ ಸರಳವಾಗಿ ಕಾಣುತ್ತದೆ: ಸಾರಜನಕದ ಮೂಲವನ್ನು ತಡೆಯಬೇಕು. ತೊಡಕಿರುವುದು ಮೂಲವನ್ನು ಗುರುತಿಸುವಲ್ಲಿ. ಕೊಳಚೆ ಸಂಸ್ಕರಣಾ ಘಟಕವನ್ನು ಮೇಲ್ದರ್ಜೆಗೇರಿಸಲು ಭಾರಿ ಹಣ ಬೇಕು. ಗೊಬ್ಬರದ ಬಳಕೆಗೆ ನಿರ್ಬಂಧ ಹೇರಿದರೆ ರೈತರ ಇಳುವರಿಯ ಪ್ರಶ್ನೆ ಬರುತ್ತದೆ. ತಪ್ಪು ಮೂಲವನ್ನು ಹಿಡಿದರೆ ಹಣವೂ ವ್ಯರ್ಥ, ತಪ್ಪಿಲ್ಲದವರಿಗೆ ಶಿಕ್ಷೆಯೂ ಆಗುತ್ತದೆ, ಕಡಲು ಮಾತ್ರ ಹಾಗೆಯೇ ಉಳಿಯುತ್ತದೆ.

ಹಗುರ ಮತ್ತು ಭಾರ

ಪ್ರಕೃತಿಯಲ್ಲಿ ಸಾರಜನಕದ ಎರಡು ಸ್ಥಿರ ಸಮಸ್ಥಾನಿಗಳಿವೆ. ಸಾರಜನಕ-14 ಹಗುರ, ಸಾರಜನಕ-15 ಒಂದು ನ್ಯೂಟ್ರಾನಿನಷ್ಟು ಭಾರ. ರಾಸಾಯನಿಕ ಗುಣದಲ್ಲಿ ಇವೆರಡೂ ಬಹುತೇಕ ಒಂದೇ. ಗಾಳಿಯಲ್ಲಿರುವ ಸಾರಜನಕದ ಸುಮಾರು 273 ಪರಮಾಣುಗಳಲ್ಲಿ ಒಂದು ಮಾತ್ರ ಭಾರದ್ದು. ಎರಡೂ ವಿಕಿರಣಶೀಲವಲ್ಲದ ಕಾರಣ ಕಾಲಕ್ರಮೇಣ ಕ್ಷಯಿಸುವುದಿಲ್ಲ, ಆರೋಗ್ಯಕ್ಕೆ ಅಪಾಯವನ್ನೂ ತರುವುದಿಲ್ಲ.

ಗಾಳಿಯಲ್ಲಿ ಈ ಎರಡರ ಅನುಪಾತ ಎಲ್ಲೆಡೆ ಒಂದೇ ಆಗಿರುವುದರಿಂದ ಅದನ್ನೇ ಅಳತೆಯ ಸೊನ್ನೆ ಎಂದು ಇಟ್ಟುಕೊಳ್ಳಲಾಗಿದೆ. ಒಂದು ವಸ್ತುವಿನಲ್ಲಿ ಭಾರದ ಸಾರಜನಕದ ಅನುಪಾತ ಗಾಳಿಗಿಂತ ಸಾವಿರಕ್ಕೆ 10ರಷ್ಟು, ಅಂದರೆ ಶೇಕಡ 1ರಷ್ಟು ಹೆಚ್ಚಿದ್ದರೆ ಅದರ ಮೌಲ್ಯ 10 ಎಂದು ಹೇಳುತ್ತಾರೆ. ಕಡಿಮೆಯಿದ್ದರೆ ಋಣ ಸಂಖ್ಯೆ. ವಿಜ್ಞಾನಿಗಳ ಪರಿಭಾಷೆಯಲ್ಲಿ ಇದಕ್ಕೆ ‘ಡೆಲ್ಟಾ ಮೌಲ್ಯ’ ಎಂದು ಹೆಸರು.

ರಾಸಾಯನಿಕ ಗೊಬ್ಬರ ತಯಾರಾಗುವುದು ಗಾಳಿಯ ಸಾರಜನಕದಿಂದಲೇ. ಹೇಬರ್-ಬಾಷ್ ವಿಧಾನದಲ್ಲಿ ಗಾಳಿಯ ಸಾರಜನಕವನ್ನು ಜಲಜನಕದೊಂದಿಗೆ ಸೇರಿಸಿ ಅಮೋನಿಯ ಮಾಡಿ, ಅದರಿಂದ ಯೂರಿಯಾ ಮೊದಲಾದ ಗೊಬ್ಬರಗಳನ್ನು ತಯಾರಿಸುತ್ತಾರೆ. ಹೀಗಾಗಿ ಗೊಬ್ಬರದ ಡೆಲ್ಟಾ ಮೌಲ್ಯ ಸೊನ್ನೆಯ ಆಸುಪಾಸಿನಲ್ಲಿ, ಸಾಮಾನ್ಯವಾಗಿ ಋಣ 4ರಿಂದ ಧನ 4ರ ನಡುವೆ ಇರುತ್ತದೆ.

ಮನುಷ್ಯರ ಮತ್ತು ದನಕರುಗಳ ಮಲಮೂತ್ರದ ಕಥೆ ಬೇರೆ. ಮೂತ್ರದ ಯೂರಿಯಾ ಒಡೆದು ಅಮೋನಿಯವಾದಾಗ ಅದರಲ್ಲಿ ಒಂದು ಪಾಲು ಗಾಳಿಗೆ ಹಾರಿಹೋಗುತ್ತದೆ. ಹಾರುವಾಗ ಹಗುರ ಸಾರಜನಕವೇ ಮುಂದು. ಮೊರದಲ್ಲಿ ತೂರಿದಾಗ ಹೊಟ್ಟು ಹಾರಿ ಗಟ್ಟಿಕಾಳು ಉಳಿಯುವಂತೆ, ಭಾರದ ಸಾರಜನಕ ಹಿಂದೆ ಉಳಿಯುತ್ತದೆ. ಮುಂದೆ ಆಮ್ಲಜನಕವಿಲ್ಲದ ಕಡೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿ ಗಾಳಿಗೆ ಬಿಡುತ್ತವೆ. ಡಿನೈಟ್ರಿಫಿಕೇಷನ್ ಎಂದು ಕರೆಯಲಾಗುವ ಈ ಕ್ರಿಯೆಯಲ್ಲಿಯೂ ಬ್ಯಾಕ್ಟೀರಿಯಾಗಳು ಹಗುರ ಸಾರಜನಕವನ್ನೇ ಮೊದಲು ಬಳಸುತ್ತವೆ. ಪ್ರತಿ ಹಂತದಲ್ಲೂ ಉಳಿಕೆ ಇನ್ನಷ್ಟು ಭಾರವಾಗುತ್ತದೆ. ಆದ್ದರಿಂದ ಕೊಳಚೆ ನೀರು ಮತ್ತು ಕೊಟ್ಟಿಗೆ ಗೊಬ್ಬರದಿಂದ ಬರುವ ನೈಟ್ರೇಟಿನ ಮೌಲ್ಯ ಸಾಮಾನ್ಯವಾಗಿ 10ರಿಂದ 20ರವರೆಗೆ, ಕೆಲವೊಮ್ಮೆ ಅದಕ್ಕೂ ಮೇಲೆ ಇರುತ್ತದೆ. ಗೊಬ್ಬರ ಮತ್ತು ಕೊಳಚೆಯ ನಡುವಿನ ಈ ಅಂತರವೇ ಪತ್ತೆಕಾರ್ಯದ ಆಧಾರ.

ನೀರಿಗಿಂತ ಪಾಚಿ ಏಕೆ?

ನೇರವಾಗಿ ಸಮುದ್ರದ ನೀರನ್ನೇ ಪರೀಕ್ಷಿಸಬಹುದಲ್ಲ ಎಂಬ ಪ್ರಶ್ನೆ ಸಹಜ. ಆದರೆ ನೀರಿನ ಮಾದರಿ ಹೇಳುವುದು ಆ ಒಂದು ಕ್ಷಣದ ಸ್ಥಿತಿಯನ್ನು ಮಾತ್ರ. ಬೆಳಿಗ್ಗೆ ಉಬ್ಬರವಿದ್ದರೆ ಒಂದು ಅಂಕಿ, ಸಂಜೆ ಇಳಿತವಿದ್ದರೆ ಇನ್ನೊಂದು. ಅದಲ್ಲದೆ ಸಾರಜನಕ ನೀರಿಗೆ ಸೇರಿದೊಡನೆ ಪಾಚಿಗಳು ಅದನ್ನು ಹೀರಿಕೊಳ್ಳುವುದರಿಂದ, ಮಾಲಿನ್ಯ ಹೆಚ್ಚಿರುವಲ್ಲಿಯೂ ನೀರು ಪರೀಕ್ಷೆಯಲ್ಲಿ ಶುದ್ಧವಾಗಿ ತೋರಬಹುದು.

ಬಂಡೆಗೆ ಅಂಟಿಕೊಂಡು ಬೆಳೆಯುವ ಪಾಚಿ ಎಲ್ಲಿಗೂ ಹೋಗುವುದಿಲ್ಲ. ಹಗಲಿರುಳೂ ತನ್ನ ಬಳಿ ಹರಿದ ನೀರಿನಿಂದ ಸಾರಜನಕವನ್ನು ಹೀರಿ ಮೈಗೂಡಿಸಿಕೊಳ್ಳುತ್ತದೆ. ದಿನಗಳ, ವಾರಗಳ ಲೆಕ್ಕ ಅದರ ಅಂಗಾಂಶದಲ್ಲಿ ಜಮೆಯಾಗಿರುತ್ತದೆ. ಪಾಚಿಯನ್ನು ತೊಳೆದು, ಒಣಗಿಸಿ, ನುಣ್ಣಗೆ ಪುಡಿ ಮಾಡಿ, ಕೆಲವೇ ಮಿಲಿಗ್ರಾಂನಷ್ಟನ್ನು ಅಧಿಕ ಉಷ್ಣತೆಯಲ್ಲಿ ಸುಟ್ಟು, ಹೊರಬರುವ ಸಾರಜನಕ ಅನಿಲವನ್ನು ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರಕ್ಕೆ ಹಾಯಿಸುತ್ತಾರೆ. ಯಂತ್ರವು ಹಗುರ ಮತ್ತು ಭಾರದ ಅಣುಗಳನ್ನು ಬೇರ್ಪಡಿಸಿ ಅನುಪಾತವನ್ನು ನೀಡುತ್ತದೆ.

ಪಾಚಿ ಸಹಜವಾಗಿ ಬೆಳೆಯದ ಕಡೆ ಅದನ್ನು ಒಯ್ದು ನೇತುಹಾಕುವ ವಿಧಾನವೂ ಉಂಟು. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ಬಳಿಯಿರುವ ಮಾರ್ಟನ್ ಕೊಲ್ಲಿಯಲ್ಲಿ ಸಂಶೋಧಕರು ಒಂದು ಜಾತಿಯ ಕೆಂಪು ಪಾಚಿಯನ್ನು ರಂಧ್ರಗಳಿರುವ ಡಬ್ಬಿಗಳಲ್ಲಿಟ್ಟು, ಕೊಲ್ಲಿಯ ಹಲವು ಸ್ಥಳಗಳಲ್ಲಿ ನಾಲ್ಕು ದಿನ ಮುಳುಗಿಸಿ ಮೇಲೆತ್ತಿದರು. ಪಾಚಿಯ ಮೌಲ್ಯಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ, ನದಿಗಳ ಅಳಿವೆಯಿಂದ ಹೊರಟು ಕೊಲ್ಲಿಯೊಳಗೆ ಚಾಚಿದ ಕೊಳಚೆಯ ಹರವು ಕಣ್ಣಿಗೆ ಕಟ್ಟುವಂತೆ ಮೂಡಿತು. 2001ರಲ್ಲಿ ಪ್ರಕಟವಾದ ಈ ಅಧ್ಯಯನ ಇಂಥ ಸಮೀಕ್ಷೆಗಳಿಗೆ ಮಾದರಿಯಾಯಿತು. ಸಂಸ್ಕರಣಾ ಘಟಕಗಳನ್ನು ಸುಧಾರಿಸಿದ ನಂತರ ಅದೇ ವಿಧಾನದಲ್ಲಿ ಮತ್ತೆ ಅಳೆದಾಗ ಕೊಳಚೆಯ ಹರವು ಕುಗ್ಗಿದ್ದು ಕಂಡುಬಂತು. ನಾಲ್ಕು ವರ್ಷಗಳ ಆ ಹೋಲಿಕೆ 2005ರಲ್ಲಿ ಪ್ರಕಟವಾಯಿತು. ಖರ್ಚು ಮಾಡಿದ ಹಣಕ್ಕೆ ಫಲ ದೊರೆಯಿತೇ ಎಂಬುದನ್ನೂ ಪಾಚಿಯಿಂದಲೇ ಕೇಳಿ ತಿಳಿಯಬಹುದು ಎಂಬುದು ಇದರಿಂದ ಸ್ಪಷ್ಟವಾಯಿತು.

ಮಾವಿ ದ್ವೀಪದ ಮೊಕದ್ದಮೆ

ಮಾವಿ ದ್ವೀಪದ ಪಶ್ಚಿಮ ತೀರದ ಲಹೈನಾ ಪ್ರದೇಶ ಪ್ರವಾಸಿಗಳಿಗೆ ಅಚ್ಚುಮೆಚ್ಚಿನ ತಾಣ. ಸ್ಥಳೀಯ ಆಡಳಿತವಾದ ಮಾವಿ ಕೌಂಟಿಯ ಕೊಳಚೆ ನೀರು ಸಂಸ್ಕರಣಾ ಘಟಕವೊಂದು ಅಲ್ಲಿದೆ. ಸಂಸ್ಕರಿಸಿದ ನೀರನ್ನು ಕೊಳವೆಯ ಮೂಲಕ ನೇರವಾಗಿ ಕಡಲಿಗೆ ಬಿಡುವುದರ ಬದಲು ನಾಲ್ಕು ಆಳವಾದ ಬಾವಿಗಳಿಗೆ ಇಳಿಸುವ ವ್ಯವಸ್ಥೆ 1980ರ ದಶಕದಲ್ಲಿ ಆರಂಭವಾಯಿತು. ದಿನಕ್ಕೆ ಸುಮಾರು 40 ಲಕ್ಷ ಗ್ಯಾಲನ್, ಅಂದರೆ ಒಂದೂವರೆ ಕೋಟಿ ಲೀಟರ್ ನೀರು ಹೀಗೆ ನೂರಾರು ಅಡಿ ಕೆಳಗಿನ ಅಂತರ್ಜಲಕ್ಕೆ ಸೇರುತ್ತಿತ್ತು. ಬಾವಿಗಳಿಂದ ಕಡಲಿಗೆ ಇರುವ ದೂರ ಸುಮಾರು ಅರ್ಧ ಮೈಲಿ.

ಮಾವಿ ದ್ವೀಪ ಜ್ವಾಲಾಮುಖಿಯಿಂದ ಉಂಟಾದದ್ದು. ಅಲ್ಲಿನ ಲಾವಾ ಶಿಲೆಯಲ್ಲಿ ಬಿರುಕು, ಪೊಟರೆಗಳು ಹೇರಳ. ನೆಲಕ್ಕಿಳಿಸಿದ ನೀರು ಅಲ್ಲಿಯೇ ನಿಲ್ಲುವ ಬದಲು ತೀರದತ್ತ ಜರುಗುವ ಸಾಧ್ಯತೆ ಹೆಚ್ಚು. 1980ರ ದಶಕದ ಕೊನೆ ಮತ್ತು 1990ರ ದಶಕದ ಆರಂಭದಲ್ಲಿ ಪಶ್ಚಿಮ ತೀರದ ಹವಳದ ದಿಬ್ಬಗಳ ಮೇಲೆ ಹಸಿರು, ಕೆಂಪು ಪಾಚಿ ವಿಪರೀತವಾಗಿ ಹಬ್ಬಿದಾಗ ಹೊಣೆ ಯಾರೆಂಬ ಚರ್ಚೆ ಆರಂಭವಾಯಿತು. ಆ ಕಾಲಕ್ಕೆ ಸುತ್ತಲೂ ಕಬ್ಬು ಮತ್ತು ಅನಾನಸ್ ತೋಟಗಳಿದ್ದವು. ಆದ್ದರಿಂದ ಗೊಬ್ಬರದ ಮೇಲಿನ ಶಂಕೆ ಅಕಾರಣವಾಗಿರಲಿಲ್ಲ. ಲಹೈನಾದ ಹಳೆಯ ಸಕ್ಕರೆ ಕಾರ್ಖಾನೆ ಪಯೊನೀರ್ ಮಿಲ್ 1999ರಲ್ಲಿ ಮುಚ್ಚಿತು.

ಹವಾಯಿ ವಿಶ್ವವಿದ್ಯಾಲಯದ ಮೆಘನ್ ಡೇಲರ್ ಮತ್ತು ಸಹ ಸಂಶೋಧಕರು ಇಡೀ ದ್ವೀಪದ ಸುತ್ತ ಪಾಚಿಗಳನ್ನು ಸಂಗ್ರಹಿಸಿ ನಡೆಸಿದ ಸಮೀಕ್ಷೆ 2010ರಲ್ಲಿ ಪ್ರಕಟವಾಯಿತು. ಅದರ ಅಂಕಿಗಳು ಗಮನಾರ್ಹ. ಉತ್ತರ-ಮಧ್ಯ ತೀರದಲ್ಲಿ ಪಾಚಿಯ ಮೌಲ್ಯ 2ರಿಂದ 3.5ರವರೆಗೆ ಇತ್ತು, ಇದು ಕೃಷಿಯ ಗೊಬ್ಬರ ಕಡಲು ತಲುಪಿರುವುದರ ಸೂಚನೆ ಎಂದು ಸಂಶೋಧಕರು ಅರ್ಥೈಸಿದರು. ಮನೆಗಳ ಶೌಚದ ಗುಂಡಿಗಳಿರುವ ವಯೆಹು ಎಂಬಲ್ಲಿ ಮೌಲ್ಯ 9.8. ಲಹೈನಾ, ಕಿಹೇ ಮತ್ತು ಕಹುಲುಯಿಗಳಲ್ಲಿನ ಮೂರು ಸಂಸ್ಕರಣಾ ಘಟಕಗಳ ಸಮೀಪದ ತೀರದಲ್ಲಿ ಮಾತ್ರ ಅದು 17.8ರಿಂದ 50.1ರವರೆಗೆ ಏರಿತ್ತು. 1997ರಿಂದ 2008ರವರೆಗೆ ಈ ಮೂರು ಘಟಕಗಳು ನೆಲದೊಳಕ್ಕೆ ಇಳಿಸಿದ ನೀರು ಅಂದಾಜು 19.3 ಕೋಟಿ ಘನ ಮೀಟರ್, ಅದರಲ್ಲಿದ್ದ ಸಾರಜನಕ 17.4 ಲಕ್ಷ ಕಿಲೋಗ್ರಾಂ ಎಂದೂ ಅಧ್ಯಯನ ಲೆಕ್ಕ ಹಾಕಿತು.

ರಾಸಾಯನಿಕ ಗೊಬ್ಬರವೊಂದರಿಂದಲೇ 50ರಷ್ಟು ಮೌಲ್ಯ ಬರುವುದು ಕಷ್ಟಸಾಧ್ಯ. ಸಂಸ್ಕರಣಾ ಘಟಕದಲ್ಲಿ ಒಮ್ಮೆ, ನೆಲದಡಿಯ ಪಯಣದಲ್ಲಿ ಮತ್ತೊಮ್ಮೆ ಬ್ಯಾಕ್ಟೀರಿಯಾಗಳು ಹಗುರ ಸಾರಜನಕವನ್ನು ತೂರಿ ತೆಗೆದುದರ ಗುರುತು ಅದು. ಅಮೆರಿಕದ ಭೂಗರ್ಭ ಸಮೀಕ್ಷಾ ಸಂಸ್ಥೆಯೂ 2009ರ ವರದಿಯಲ್ಲಿ ಸಮಸ್ಥಾನಿಗಳ ಜೊತೆಗೆ ಔಷಧಗಳ ಅಂಶ ಮೊದಲಾದ ಬೇರೆ ಕುರುಹುಗಳನ್ನು ಬಳಸಿ ಲಹೈನಾ ಮತ್ತು ಕಿಹೇ ತೀರಗಳಲ್ಲಿ ಕೊಳಚೆ ನೀರಿನ ಜಾಡು ಹಿಡಿದಿತ್ತು.

ಬಣ್ಣ ಹಾಕಿ ನೋಡಿದರು

ಪಾಚಿಯಿಂದ ಸಾರಜನಕದ ಗುರುತು ಸಿಕ್ಕಿತು. ಆದರೆ ಇದೇ ಬಾವಿಯ ನೀರು, ಇಷ್ಟು ದಿನದಲ್ಲಿ, ಇಷ್ಟು ಪ್ರಮಾಣದಲ್ಲಿ, ಇದೇ ಜಾಗದಲ್ಲಿ ಕಡಲಿಗೆ ಸೇರುತ್ತದೆ ಎಂದು ಹೇಳಲು ಪಾಚಿಯೊಂದೇ ಸಾಲದು. 2011ರ ಜುಲೈ ತಿಂಗಳಲ್ಲಿ ಹವಾಯಿ ವಿಶ್ವವಿದ್ಯಾಲಯದ ತಂಡವು ಎರಡು ಬಾವಿಗಳ ನೀರಿಗೆ ಫ್ಲೋರೆಸೀನ್ ಎಂಬ ಹಸಿರು ಬಣ್ಣವನ್ನು ಸೇರಿಸಿ, ಕಹೆಕಿಲಿ ಕಡಲತೀರದ ಬಳಿ ನೀರಿನಡಿ ಚಿಮ್ಮುವ ಒರತೆಗಳಲ್ಲಿ ಕಾವಲು ಕುಳಿತಿತು. 84 ದಿನಗಳ ಬಳಿಕ ಬಣ್ಣ ಅಲ್ಲಿ ಕಾಣಿಸಿಕೊಂಡಿತು. ನೀರಿನ ಸರಾಸರಿ ಪ್ರಯಾಣದ ಅವಧಿ ಸುಮಾರು 15 ತಿಂಗಳು ಎಂದೂ, ಆ ಎರಡು ಬಾವಿಗಳಿಗೆ ಹಾಕಿದ ಬಣ್ಣದ ಶೇಕಡ 64ರಷ್ಟು ಈ ಒರತೆಗಳ ಮೂಲಕ ಹೊರಬರುತ್ತದೆ ಎಂದೂ ತಂಡ ಅಂದಾಜಿಸಿತು.

ಪರಿಸರ ಸಂಘಟನೆಗಳು 2012ರಲ್ಲಿ ಕೌಂಟಿಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದವು. ಒಣ ಪ್ರದೇಶವಾದ ಪಶ್ಚಿಮ ಮಾವಿಯಲ್ಲಿ ಈ ನೀರನ್ನು ಬಾವಿಗೆ ಸುರಿಯುವ ಬದಲು ನೀರಾವರಿಗೆ ಮರುಬಳಕೆ ಮಾಡಬೇಕು ಎಂಬುದು ಅವುಗಳ ಒತ್ತಾಯವಾಗಿತ್ತು. ಅಮೆರಿಕದ 1972ರ ಶುದ್ಧ ನೀರು ಕಾಯಿದೆಯ ಪ್ರಕಾರ ಕೊಳವೆ, ಬಾವಿಗಳಂಥ ನಿರ್ದಿಷ್ಟ ಮೂಲದಿಂದ ಜಲಮೂಲಗಳಿಗೆ ಮಲಿನ ವಸ್ತು ಬಿಡಲು ಪರವಾನಗಿ ಬೇಕು. ನೀರು ಕಡಲು ಸೇರುತ್ತದೆ ಎಂಬ ಅಂಶ ಕೊನೆಗೆ ವಿವಾದವಾಗಿ ಉಳಿಯಲಿಲ್ಲ. ಕೌಂಟಿಯ ವಾದವಿದ್ದುದು ಬೇರೆ: ತಾನು ಬಿಡುವುದು ಅಂತರ್ಜಲಕ್ಕೆ, ಕಡಲಿಗಲ್ಲ, ಆದ್ದರಿಂದ ಈ ಕಾಯಿದೆಯಡಿ ಪರವಾನಗಿ ಬೇಕಿಲ್ಲ.

ಜಿಲ್ಲಾ ನ್ಯಾಯಾಲಯ 2014ರಲ್ಲಿ ಮತ್ತು ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಕೌಂಟಿಯ ವಾದವನ್ನು ತಳ್ಳಿಹಾಕಿದವು. ಕಡಲಲ್ಲಿ ಸಿಕ್ಕ ಮಾಲಿನ್ಯದ ಜಾಡನ್ನು ಸಮಂಜಸವಾಗಿ ಬಾವಿಯವರೆಗೆ ಹಿಡಿಯಲು ಸಾಧ್ಯವಾದರೆ ಪರವಾನಗಿ ಅಗತ್ಯ ಎಂಬುದು ಮೇಲ್ಮನವಿ ನ್ಯಾಯಾಲಯದ ನಿಲುವಾಗಿತ್ತು.

ಸುಪ್ರೀಂ ಕೋರ್ಟ್ 2020ರ ಏಪ್ರಿಲ್ 23ರಂದು 6-3ರ ಬಹುಮತದಿಂದ ತೀರ್ಪು ನೀಡಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಅವರು ಕೌಂಟಿಯ ವಾದವನ್ನೂ ಒಪ್ಪಲಿಲ್ಲ, ಮೇಲ್ಮನವಿ ನ್ಯಾಯಾಲಯದ ಮಾನದಂಡವನ್ನೂ ಒಪ್ಪಲಿಲ್ಲ. ಅಂತರ್ಜಲದ ಮೂಲಕ ಹಾಯಿಸಿದ ಮಾತ್ರಕ್ಕೆ ಪರವಾನಗಿಯಿಂದ ವಿನಾಯಿತಿ ಕೊಟ್ಟರೆ, ಕೊಳವೆಯನ್ನು ಕಡಲಂಚಿನಿಂದ ಕೆಲವೇ ಅಡಿ ಹಿಂದೆ ಸರಿಸಿ ಕಾಯಿದೆಯಿಂದ ತಪ್ಪಿಸಿಕೊಳ್ಳಬಹುದು ಎಂಬುದು ಒಂದು ಕಡೆಯ ಆಕ್ಷೇಪ. ಇಂದಿನ ವಿಜ್ಞಾನದ ಶಕ್ತಿಯನ್ನು ಪರಿಗಣಿಸಿದರೆ, ಹಲವಾರು ವರ್ಷಗಳ ಹಿಂದೆ ಬಹುದೂರದಲ್ಲಿ ಬಿಟ್ಟ ಅತ್ಯಲ್ಪ ಮಾಲಿನ್ಯದ ಜಾಡನ್ನೂ ಹಿಡಿಯಬಹುದು. ಜಾಡು ಸಿಕ್ಕಿದ್ದೆಲ್ಲಕ್ಕೂ ಪರವಾನಗಿ ಕೇಳುವುದು ಅತಿಯಾದೀತು ಎಂಬುದು ಇನ್ನೊಂದು ಕಡೆಯ ಆಕ್ಷೇಪ. ಪರಿಣಾಮದಲ್ಲಿ ನೇರವಾಗಿ ಬಿಟ್ಟದ್ದಕ್ಕೆ ಸಮನಾಗಿದ್ದರೆ ಪರವಾನಗಿ ಬೇಕು ಎಂಬ ಮಧ್ಯಮ ಮಾರ್ಗವನ್ನು ನ್ಯಾಯಾಲಯ ಆರಿಸಿಕೊಂಡಿತು. ಕ್ರಮಿಸಿದ ದೂರ ಮತ್ತು ತೆಗೆದುಕೊಂಡ ಸಮಯ ಇವೆರಡೂ ಮುಖ್ಯ ಅಂಶಗಳು. ದಾರಿಯಲ್ಲಿ ಮಾಲಿನ್ಯ ಎಷ್ಟು ತೆಳುವಾಯಿತು, ರಾಸಾಯನಿಕವಾಗಿ ಎಷ್ಟು ಬದಲಾಯಿತು, ತನ್ನ ಗುರುತನ್ನು ಎಷ್ಟು ಉಳಿಸಿಕೊಂಡಿತು ಎಂಬುದನ್ನೂ ಪರಿಶೀಲಿಸಬೇಕೆಂದು ತೀರ್ಪು ಸೂಚಿಸಿತು.

ಪ್ರಕರಣ ಮರಳಿ ಜಿಲ್ಲಾ ನ್ಯಾಯಾಲಯಕ್ಕೆ ಬಂತು. ಹೊಸ ಮಾನದಂಡದ ಪ್ರಕಾರವೂ ಲಹೈನಾದ ಬಾವಿಗಳಿಗೆ ಪರವಾನಗಿ ಬೇಕು ಎಂದು ಆ ನ್ಯಾಯಾಲಯ 2021ರ ಜುಲೈನಲ್ಲಿ ತೀರ್ಮಾನಿಸಿತು.

ಹಳೆಯ ಪಾಠವೊಂದು

ಸಮಸ್ಥಾನಿಯ ಸಾಕ್ಷ್ಯವನ್ನು ಎಚ್ಚರಿಕೆಯಿಂದ ಬಳಸಬೇಕು ಎಂಬ ಪಾಠವನ್ನು ವಿಜ್ಞಾನಲೋಕ ಅರ್ಧ ಶತಮಾನದ ಹಿಂದೆಯೇ ಕಲಿತಿತ್ತು. 1971ರಲ್ಲಿ ಡೇನಿಯಲ್ ಕೋಲ್, ಜಾರ್ಜಿಯಾ ಶಿಯರರ್ ಮತ್ತು ಖ್ಯಾತ ಪರಿಸರವಾದಿ ವಿಜ್ಞಾನಿ ಬ್ಯಾರಿ ಕಾಮನರ್ ಅವರು ಅಮೆರಿಕದ ಇಲಿನಾಯ್ ರಾಜ್ಯದ ಸ್ಯಾಂಗಮನ್ ನದಿಯ ಪ್ರದೇಶದಲ್ಲಿ ಸಾರಜನಕದ ಸಮಸ್ಥಾನಿಗಳನ್ನು ಅಳೆದು, ನೀರಿನಲ್ಲಿದ್ದ ನೈಟ್ರೇಟಿನ ಅರ್ಧಕ್ಕಿಂತ ಹೆಚ್ಚು ಪಾಲು ಮೆಕ್ಕೆಜೋಳದ ಹೊಲಗಳ ರಾಸಾಯನಿಕ ಗೊಬ್ಬರದಿಂದ ಬಂದದ್ದು ಎಂದು ಪ್ರತಿಪಾದಿಸಿದರು. ಪ್ರಬಂಧ ಪ್ರಕಟವಾದೊಡನೆ ಮಣ್ಣು ವಿಜ್ಞಾನಿಗಳಿಂದ ತೀವ್ರ ಆಕ್ಷೇಪ ಬಂತು.

ಆಕ್ಷೇಪದ ತಿರುಳು ಹೀಗಿತ್ತು: ಗೊಬ್ಬರದ ಸಾರಜನಕ ಹಾಕಿದ ಹಾಗೆಯೇ ನದಿಗೆ ಹೋಗುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಬಳಸಿ, ಮಣ್ಣಿನಲ್ಲಿ ಮೊದಲೇ ಇದ್ದ ಸಾರಜನಕದೊಂದಿಗೆ ಬೆರೆಸಿ ಬಿಡುತ್ತವೆ. ಮಣ್ಣಿನ ಸಹಜ ಸಾರಜನಕದ ಮೌಲ್ಯವೂ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಹೀಗಿರುವಾಗ ಒಂದೇ ಅಂಕಿಯಿಂದ ಶೇಕಡವಾರು ಪಾಲು ಹಂಚುವುದು ಸರಿಯಲ್ಲ. ಈ ಚರ್ಚೆಯಿಂದ ವಿಧಾನ ಬಿದ್ದುಹೋಗಲಿಲ್ಲ. ಬದಲಿಗೆ ಅದು ಯಾವ ಪ್ರಶ್ನೆಗೆ ಉತ್ತರಿಸಬಲ್ಲುದು, ಯಾವುದಕ್ಕೆ ಉತ್ತರಿಸಲಾರದು ಎಂಬ ಗಡಿ ಸ್ಪಷ್ಟವಾಯಿತು.

ಮೊದಲನೆಯ ಗಡಿ ಪ್ರಮಾಣದ್ದು. ಡೆಲ್ಟಾ ಮೌಲ್ಯ ಒಂದು ಅನುಪಾತವಷ್ಟೇ. 50ರ ಮೌಲ್ಯವಿರುವ ತಾಣ 10ರ ಮೌಲ್ಯವಿರುವ ತಾಣಕ್ಕಿಂತ ಐದು ಪಟ್ಟು ಮಲಿನ ಎಂದು ಅರ್ಥವಲ್ಲ. ಬ್ಯಾಕ್ಟೀರಿಯಾಗಳು ಹೆಚ್ಚಿನ ನೈಟ್ರೇಟನ್ನು ಒಡೆದು ಮುಗಿಸಿದ್ದರೆ, ಉಳಿದದ್ದು ಅಲ್ಪವಾಗಿದ್ದರೂ ಬಹಳ ಭಾರವಾಗಿರುತ್ತದೆ. ಸಂಸ್ಕರಣೆ ಚೆನ್ನಾಗಿ ನಡೆದಷ್ಟೂ ಮೌಲ್ಯ ಏರಬಹುದು ಎಂಬ ವಿಚಿತ್ರವೂ ಇದೆ. ಆದ್ದರಿಂದ ಪಾಚಿಯ ಅಂಕಿಯನ್ನು ನೀರಿನ ನೈಟ್ರೇಟ್ ಅಳತೆಯ ಪಕ್ಕದಲ್ಲಿಟ್ಟೇ ಓದಬೇಕು.

ಎರಡನೆಯದು ಹೋಲಿಕೆಯದು. ದನದ ಕೊಟ್ಟಿಗೆಯ ಸಾರಜನಕವೂ ಮನುಷ್ಯರ ಕೊಳಚೆಯ ಸಾರಜನಕವೂ ಸುಮಾರಾಗಿ ಒಂದೇ ಮೌಲ್ಯ ತೋರುತ್ತವೆ. ಇವನ್ನು ಬೇರ್ಪಡಿಸಲು ಮನುಷ್ಯರು ಮಾತ್ರ ಬಳಸುವ ವಸ್ತುಗಳ ಕುರುಹು ಬೇಕು: ಕೆಫೀನ್, ಕೃತಕ ಸಿಹಿಕಾರಕಗಳು, ಅಪಸ್ಮಾರಕ್ಕೆ ನೀಡುವ ಕಾರ್ಬಮಾಜೆಪಿನ್ ಔಷಧ ಇತ್ಯಾದಿ. ನೈಟ್ರೇಟಿನಲ್ಲಿರುವ ಆಮ್ಲಜನಕದ ಸಮಸ್ಥಾನಿಗಳನ್ನೂ ಜೊತೆಗೆ ಅಳೆದರೆ ಇನ್ನೊಂದು ಸುಳಿವು ಸಿಗುತ್ತದೆ. ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆಯುವಾಗ ಸಾರಜನಕ ಮತ್ತು ಆಮ್ಲಜನಕದ ಮೌಲ್ಯಗಳು ಒಟ್ಟೊಟ್ಟಿಗೆ ಏರುವುದರಿಂದ, ಮೂಲವೇ ಭಾರದ್ದೋ ಅಥವಾ ದಾರಿಯಲ್ಲಿ ಭಾರವಾಯಿತೋ ಎಂಬುದನ್ನು ಊಹಿಸಲು ಅನುಕೂಲ.

ಮೂರನೆಯದು ಆಹಾರ ಸರಪಳಿಯದು. ಪಾಚಿಯನ್ನು ತಿಂದ ಜೀವಿ, ಆ ಜೀವಿಯನ್ನು ತಿಂದ ಮೀನು ಹೀಗೆ ಒಂದೊಂದು ಮೆಟ್ಟಿಲು ಏರಿದಂತೆ ಮೌಲ್ಯ ಸರಾಸರಿ 3ರಿಂದ 4ರಷ್ಟು ಹೆಚ್ಚುತ್ತದೆ. ಆದ್ದರಿಂದ ಮೀನಿನ ಮಾಂಸದಲ್ಲಿ ಸಿಕ್ಕ ದೊಡ್ಡ ಅಂಕಿಯನ್ನು ಕಂಡು ಕೊಳಚೆ ಎಂದು ಕೂಗುವುದು ಅವಸರವಾದೀತು. ಮೀನು ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ಮೊದಲು ತಿಳಿಯಬೇಕು.

ಅರಬ್ಬಿ ಸಮುದ್ರದ ವಿಶೇಷ

ಈ ವಿಧಾನವನ್ನು ಕರ್ನಾಟಕದ ಕರಾವಳಿಗೆ ಅನ್ವಯಿಸುವಾಗ ಇನ್ನೂ ಒಂದು ಎಚ್ಚರಿಕೆ ಅಗತ್ಯ. ಅರಬ್ಬಿ ಸಮುದ್ರದ ಮಧ್ಯ ಆಳದಲ್ಲಿ ಆಮ್ಲಜನಕ ಅತ್ಯಲ್ಪವಾಗಿರುವ ವಿಸ್ತಾರವಾದ ಪದರವಿದೆ. ತೆರೆದ ಸಾಗರದಲ್ಲಿ ನೈಟ್ರೇಟ್ ಒಡೆಯುವ ಕ್ರಿಯೆ ದೊಡ್ಡ ಪ್ರಮಾಣದಲ್ಲಿ ನಡೆಯುವ ಜಗತ್ತಿನ ಮೂರು ಪ್ರಮುಖ ಪ್ರದೇಶಗಳಲ್ಲಿ ಇದೂ ಒಂದು. ಉಳಿದೆರಡು ಪೆಸಿಫಿಕ್ ಸಾಗರದ ಪೂರ್ವ ಭಾಗದಲ್ಲಿವೆ. ಇಲ್ಲಿನ ಆಳದ ನೈಟ್ರೇಟ್ ಯಾರ ಕೊಳಚೆಯೂ ಸೇರದೆ ತಾನಾಗಿಯೇ ಭಾರವಾಗಿರುತ್ತದೆ.

ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ಭಾರತದ ಪಶ್ಚಿಮ ತೀರದಲ್ಲಿ ಕೆಳಗಿನ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ಮೇಲೇರಿ ತೀರದ ತಟ್ಟಿನವರೆಗೆ ಬರುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯೂ.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನವು, ಮಳೆಗಾಲದ ಕೊನೆಯ ಹೊತ್ತಿಗೆ ಪಶ್ಚಿಮ ತೀರದ ತಟ್ಟಿನಲ್ಲಿ ಆಮ್ಲಜನಕದ ಕೊರತೆ ತೀವ್ರವಾಗುವುದನ್ನು ಜಗತ್ತಿನ ಗಮನಕ್ಕೆ ತಂದಿತು. ಮೂಲತಃ ಇದು ನೈಸರ್ಗಿಕ ವಿದ್ಯಮಾನ. ಭೂಮಿಯಿಂದ ಸೇರುವ ಸಾರಜನಕ ಅದನ್ನು ಇನ್ನಷ್ಟು ತೀವ್ರಗೊಳಿಸಬಹುದು ಎಂಬುದು ಆ ಅಧ್ಯಯನ ಎತ್ತಿದ ಆತಂಕ.

ಇದರ ಅರ್ಥ ಇಷ್ಟೆ: ನಮ್ಮ ಕರಾವಳಿಯ ಪಾಚಿಯಲ್ಲಿ ಭಾರದ ಸಾರಜನಕ ಸಿಕ್ಕ ಮಾತ್ರಕ್ಕೆ ಅದು ನಗರದ ಕೊಳಚೆಯೇ ಎಂದು ಹೇಳಲಾಗದು, ಆಳದಿಂದ ಮೇಲೆದ್ದ ನೀರೂ ಅದೇ ಬಗೆಯ ಗುರುತನ್ನು ಬಿಡಬಲ್ಲುದು. ಬೇಸಿಗೆಯಲ್ಲಿ, ಮಳೆಗಾಲದಲ್ಲಿ, ಮಳೆ ನಿಂತ ಮೇಲೆ, ಹೀಗೆ ಋತುವಾರು ಅಳತೆಗಳು ಬೇಕು. ಅಳಿವೆಯ ಒಳಗೆ, ಬಾಯಲ್ಲಿ, ದೂರದ ಕಡಲಲ್ಲಿ ಮೌಲ್ಯ ಹೇಗೆ ಬದಲಾಗುತ್ತದೆ ಎಂಬುದನ್ನು ಹೋಲಿಸಬೇಕು. ಅಳಿವೆಯಿಂದ ದೂರ ಸರಿದಂತೆ ಮೌಲ್ಯ ಇಳಿದರೆ ಶಂಕೆ ನೆಲದ ಮೂಲದತ್ತ. ಹೊರಗಿನ ಕಡಲಿನಿಂದ ತೀರದತ್ತ ಬಂದಂತೆ ಇಳಿದರೆ ಸಾಗರದತ್ತ.

ಯಾರ ಕೊಳೆ ಎಂಬುದರಾಚೆ

ಪಾಚಿಯ ತುಣುಕು, ಬಾವಿಗೆ ಹಾಕಿದ ಬಣ್ಣ, ಔಷಧದ ಕುರುಹು ಇವು ಮೂರೂ ಮಾವಿ ದ್ವೀಪದಲ್ಲಿ ಒಂದೇ ದಿಕ್ಕಿನತ್ತ ಬೆರಳು ತೋರಿಸಿದವು. ಯಾವುದೇ ಒಂದು ಸಾಕ್ಷ್ಯವನ್ನು ಮಾತ್ರ ನೆಚ್ಚಿಕೊಂಡಿದ್ದರೆ ಎದುರಾಳಿಗೆ ಆಕ್ಷೇಪಣೆಗೆ ಎಡೆ ಸಿಗುತ್ತಿತ್ತು. ಸಮಸ್ಥಾನಿ ಹೇಳಿದ್ದು ‘ಯಾರದು’ ಎಂಬುದನ್ನು, ಬಣ್ಣ ಹೇಳಿದ್ದು ‘ಯಾವ ದಾರಿಯಲ್ಲಿ, ಎಷ್ಟು ದಿನದಲ್ಲಿ’ ಎಂಬುದನ್ನು, ಘಟಕದ ದಾಖಲೆಗಳು ಹೇಳಿದ್ದು ‘ಎಷ್ಟು’ ಎಂಬುದನ್ನು. ಇಷ್ಟೆಲ್ಲ ತಿಳಿದ ಮೇಲೂ ‘ಎಷ್ಟು ಹತ್ತಿರದ ಸಂಬಂಧವಿದ್ದರೆ ಹೊಣೆ’ ಎಂಬ ಪ್ರಶ್ನೆಗೆ ವಿಜ್ಞಾನದಲ್ಲಿ ಉತ್ತರವಿರಲಿಲ್ಲ. ಅದನ್ನು ನ್ಯಾಯಾಲಯವೇ ನಿರ್ಧರಿಸಬೇಕಾಯಿತು.

ಪತ್ತೆಯ ಶಕ್ತಿ ದಿನದಿನಕ್ಕೂ ಹೆಚ್ಚುತ್ತಿದೆ. ಇನ್ನು ಮುಂದೆ ಮಾಲಿನ್ಯದ ಮೂಲ ತಿಳಿಯದು ಎಂಬ ನೆಪ ಹೂಡುವುದು ಆಡಳಿತಗಳಿಗೆ ಕಷ್ಟವಾಗಲಿದೆ. ಅದೇ ರೀತಿ, ಅಳತೆಯಿಲ್ಲದೆ ರೈತರನ್ನೋ ಪಟ್ಟಣದವರನ್ನೋ ದೂರುವುದೂ ನಿಲ್ಲಬೇಕಾಗುತ್ತದೆ. ಮಾರ್ಟನ್ ಕೊಲ್ಲಿಯ ಅನುಭವ ತೋರಿಸುವಂತೆ ಕೊಳಚೆಯ ಮೂಲ ಗೊತ್ತಾಗಿ, ಅದಕ್ಕೆ ತಕ್ಕ ಸಂಸ್ಕರಣೆ ನಡೆದರೆ ಕಡಲು ಕೆಲವೇ ವರ್ಷಗಳಲ್ಲಿ ಸ್ಪಂದಿಸಬಲ್ಲುದು. ಅದಕ್ಕೆ ಮೊದಲು ಬೇಕಾದದ್ದು ದುಬಾರಿ ಯಂತ್ರವಲ್ಲ. ಋತುಗಳುದ್ದಕ್ಕೂ ತೀರದಲ್ಲಿ ಪಾಚಿ ಆಯ್ದು, ದಿನಾಂಕ ಬರೆದು, ಜೋಪಾನವಾಗಿ ಕಾಯ್ದಿಡುವ ಶಿಸ್ತು. ಮಾಲಿನ್ಯ ಬರುವ ಮುನ್ನ ತೆಗೆದಿಟ್ಟ ಅಳತೆಯಿಲ್ಲದಿದ್ದರೆ, ಬಂದ ಮೇಲೆ ತೆಗೆದ ಅಳತೆಯನ್ನು ಹೋಲಿಸಲು ಏನೂ ಇರುವುದಿಲ್ಲ.